ಹಳೆಯ ಸೀರೆ ನಿಮ್ಮದು, ಹೊಲಿಗೆ ನಿಮ್ಮದಲ್ಲ

ಬೆಳಿಗ್ಗೆಯಿಂದ ತಲೆ ಕಾದಿದೆ. ಬರೆಯದೆ ಇದ್ದರೆ ಇವತ್ತಿನ ಊಟವೂ ಮೈಗೆ ಹತ್ತುವುದಿಲ್ಲ. ಉದ್ದವಾಗುತ್ತದೆ, ವ್ಯವಧಾನ ಇದ್ದವರು ಓದಿ.

ಧಾರವಾಡದ ನಮ್ಮ ಓಣಿಗೆ ಕೌದಿ, ಅಂದರೆ ಹಳೆಯ ಬಟ್ಟೆಯ ಪದರುಗಳನ್ನು ಕೂಡಿಸಿ ಹೊಲಿದ ಹಾಸು ಹೊದಿಕೆ, ಹೊಲಿದುಕೊಡುವ ಹೆಂಗಸೊಬ್ಬರು ಬರುತ್ತಾರೆ. ಅರವತ್ತು ದಾಟಿದವರು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಮನೆಮನೆಗೆ ಬಂದು ಹಳೆಯ ಸೀರೆ, ಧೋತರ ಅಂದರೆ ಪಂಚೆಗಳ ಗಂಟು ಕಟ್ಟಿಕೊಂಡು ಹೋಗುತ್ತಾರೆ. ರೋಹಿಣಿ ಮಳೆ ಹೂಡುವುದರೊಳಗೆ ಕೌದಿ ಮಾಡಿ ತಂದುಕೊಡುತ್ತಾರೆ. ಇವತ್ತು ಎದುರು ಮನೆಯ ಕಟ್ಟೆಯ ಮೇಲೆ ಅವರು ತಂದ ಕೌದಿಯನ್ನು ಬಿಚ್ಚಿ ಹಾಸಿದ್ದರು. ಹಾಲು ತರಲು ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ.

ಆ ಕೌದಿಯನ್ನು ನೀವು ನೋಡಬೇಕಿತ್ತು. ಸುತ್ತಲೂ ಇಳಕಲ್ ಸೀರೆಯ ಗೋಮಿ ದಡಿ, ಅಂದರೆ ಗೋಮಿ ವಿನ್ಯಾಸದ ಅಂಚು. ಸೀರೆಯ ಮೈ ಸವೆದು ಜಾಳಾದರೂ ದಡಿ ಗಟ್ಟಿಯಾಗಿಯೇ ಉಳಿಯುತ್ತದೆ, ಅಂಚಿಗೆ ಅದನ್ನೇ ಹಾಕಬೇಕು ಎಂಬುದು ಬಲ್ಲವರಿಗೆ ಮಾತ್ರ ಗೊತ್ತು. ನಡುವೆ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡುಗಳನ್ನು ಮೂಲೆಮೂಲೆ ಕೂಡಿಸಿ ಮಾಡಿದ ಚೌಕಗಳು. ಹೊಟ್ಟೆಯೊಳಗೆ ಮೆತ್ತನೆಯ ಧೋತರದ ಪದರುಗಳು. ಅಂಚಿನಿಂದ ಶುರುವಾದ ಬಿಳಿಯ ದಾರದ ಹೊಲಿಗೆ ಸುತ್ತುಸುತ್ತಾಗಿ ಒಳಕ್ಕೆ ಬಂದು ನಟ್ಟನಡುವೆ ಮುಗಿದಿತ್ತು. ಮಗುಚಿ ನೋಡಿದೆ. ಹಿಂಬದಿಯಲ್ಲೂ ಅದೇ ಸಾಲು, ಅದೇ ಅಂತರ. ಬಟ್ಟೆ ಎಲ್ಲೂ ಸುಕ್ಕುಗಟ್ಟಿರಲಿಲ್ಲ, ಎಲ್ಲೂ ಗಂಟು ಕಾಣುತ್ತಿರಲಿಲ್ಲ.

ಹೋಳಿಯಲ್ಲಿ ಮಾತಾಗಿದ್ದು 1,200 ರೂಪಾಯಿಗೆ. ಮನೆಯವರು 700 ರೂಪಾಯಿ ಕೈಯಲ್ಲಿ ಹಿಡಿದು, "ಸೀರೆ ನಮ್ಮವೇ, ಧೋತರ ನಮ್ಮವೇ. ಹಳೆಯ ಬಟ್ಟೆಗೆ ಯಾರಾದರೂ ಇಷ್ಟು ಕೇಳುತ್ತಾರೇನವ್ವಾ?" ಎಂದರು.

"ದಾರ ನನ್ನದಲ್ಲವೇ ಅಕ್ಕಾವರೇ" ಎಂದರು ಅವರು. ಅಷ್ಟೇ ಅಂದದ್ದು. ತಾನು ಕೂತ ದಿನಗಳ ಮಾತನ್ನೇ ಎತ್ತಲಿಲ್ಲ. ನಾನು ನಡುವೆ ಬಾಯಿ ಹಾಕಿದೆ, ನಿಮಗೇಕೆ ಬೇಕು ಅನ್ನಿಸಿಕೊಂಡೆ. ಕೊನೆಗೆ 800ಕ್ಕೆ ಮುಗಿಯಿತು. ಮುಗಿಯಿತು ಎಂದರೆ, ಅವರು ಸುಮ್ಮನಾದರು.

ಹಳೆಯ ಬಟ್ಟೆ! ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಹಳೆಯ ಬಟ್ಟೆ ತಾನೆ, ಬಿಟ್ಟಿ ಬಟ್ಟೆ ತಾನೆ, ಹೆಂಗಸರು ಕೂತಲ್ಲೇ ಹೊಲಿಯುವುದು ತಾನೆ. ಬಟ್ಟೆ ನಿಮ್ಮದು ಸರಿ, ಅದಕ್ಕೆ ಬೆಲೆ ಕೇಳಿದವರು ಯಾರು? ಕೇಳಿದ್ದು ಹೊಲಿಗೆಗೆ.

ಹೊಲಿಗೆ ಎಂದರೆ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ. 7 ಅಡಿ ಉದ್ದ, 5 ಅಡಿ ಅಗಲದ ಕೌದಿ ಎಂದಿಟ್ಟುಕೊಳ್ಳೋಣ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಅಂದರೆ ಸೂಜಿ 840 ಅಡಿ ನಡೆಯಬೇಕು. ಇಂಚಿಗೆ ಮೂರು ಹೊಲಿಗೆ ಎಂದರೆ ಒಂದು ಕೌದಿಗೆ 30,000 ಹೊಲಿಗೆ. ನಿಮಿಷಕ್ಕೆ ಹತ್ತು ಹಾಕಿದರೂ 3,000 ನಿಮಿಷ, ಐವತ್ತು ಗಂಟೆ. ಇದರಲ್ಲಿ ಬಟ್ಟೆ ಒಗೆದು ಒಣಗಿಸುವುದು, ಹರಿದು ಹೊಂದಿಸುವುದು, ತೇಪೆ ಕೂಡಿಸುವುದು, ನೆಲಕ್ಕೆ ಹಾಸಿ ಪದರುಗಳು ಜರುಗದ ಹಾಗೆ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು ಯಾವುದೂ ಸೇರಿಲ್ಲ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಐವತ್ತು ಗಂಟೆಯನ್ನು ಬರೀ ಆರು ದಿನ ಎಂದು ಹಿಡಿದರೂ 2,220 ರೂಪಾಯಿ ಆಗುತ್ತದೆ. ಆ ತಾಯಿ ಕೇಳಿದ್ದೇ ಅದರ ಅರ್ಧದಷ್ಟು. ಕೊಟ್ಟಿದ್ದು ಅದಕ್ಕಿಂತಲೂ 400 ಕಡಿಮೆ.

ಇನ್ನೊಂದು ಸಂಗತಿ. ಕೌದಿ ವರ್ಷವಿಡೀ ಹೊಲಿಯುವ ವಸ್ತುವಲ್ಲ. ನನ್ನ ತವರು ಗದಗ ಜಿಲ್ಲೆಯ ರೋಣದ ಕಡೆ. ಕಪ್ಪು ಮಣ್ಣಿನ ಎರೆ ಭೂಮಿ. ಅಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಮನೆಗೆ ಬಂದು, ಹತ್ತಿ ಬಿಡಿಸುವುದು ಮುಗಿದ ಮೇಲೆ ಹೆಂಗಸರ ಕೈಗೆ ಒಂದಿಷ್ಟು ಬಿಡುವು. ಯುಗಾದಿಯ ಆಚೀಚೆ ಬೇವಿನ ನೆರಳಿನಲ್ಲಿ, ಪಡಸಾಲೆಯಲ್ಲಿ ಕೌದಿ ಹಾಸುತ್ತಿದ್ದರು. ಬಟ್ಟೆ ಗರಿಗರಿಯಾಗಿ ಒಣಗುವ ಕಾಲ, ಸಂಜೆಯ ತನಕ ಸೂಜಿಯ ಕಣ್ಣು ಕಾಣುವಷ್ಟು ಬೆಳಕಿರುವ ಕಾಲ. ಮಿರುಗ, ಅಂದರೆ ಮೃಗಶಿರಾ ಮಳೆ, ಬಂತೆಂದರೆ ಬಿತ್ತನೆ. ಆಮೇಲೆ ಕಳೆ ತೆಗೆಯಬೇಕು, ಹೆಸರು ಬಿಡಿಸಬೇಕು, ಶೇಂಗಾ ಕೀಳಬೇಕು. ಆಗ ಕೌದಿಗೆ ಕೂರುವವರು ಯಾರು? ಕೂತರೂ ಹಸಿ ಹವೆಯಲ್ಲಿ ಪದರು ಮೇಲೆ ಪದರು ಮುಚ್ಚಿ ಹೊಲಿದರೆ ತೇವ ಒಳಗೇ ನಿಂತು ಮುಗ್ಗಲು ಹಿಡಿಯುತ್ತದೆ. ಮಳೆಗಾಲದ ಕೈಗೆಲಸ ಬೇರೆ. ಮೊಣಕಾಲಿನ ಮೇಲೆ ಇಟ್ಟುಕೊಂಡು ಹೊಲಿಯಬಹುದಾದ ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ, ಕುಲಾವಿ ಎಂಬ ಟೊಪ್ಪಿಗೆ, ಅಂಗೈಯಗಲದ ಚೀಲ.

ನವರಾತ್ರಿಗೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ, ಕಾಲುವೆಗೆ ಹೋಗುತ್ತಿದ್ದವು. ಮಲಪ್ರಭಾ ಕಾಲುವೆಯಲ್ಲಿ ನೀರು ಬಿಟ್ಟಿದ್ದರೆ ಊರಿಗೆ ಊರೇ ಅಲ್ಲಿ. ನೆನೆದ ಕೌದಿಯನ್ನು ಒಬ್ಬರು ಎತ್ತಲಾರರು. ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತು ಎದುರುಬದುರು ತಿರುವಿ ಹಿಂಡಬೇಕು. ಒಣಗಿದ ಮೇಲೆ ಎಲ್ಲಿ ದಾರ ಕಡಿದಿದೆ, ಎಲ್ಲಿ ಬಟ್ಟೆ ಪಿಸಿದಿದೆ ಎಂದು ಬೆರಳಾಡಿಸಿ ಹುಡುಕಿ ಅಲ್ಲಲ್ಲಿ ತೇಪೆ ಹಾಕುತ್ತಿದ್ದರು. ತೀರಾ ಸವೆದಿದ್ದರೆ ಬರುವ ಬೇಸಿಗೆಯಲ್ಲಿ ಅದರ ಮೇಲೆಯೇ ಹೊಸ ಪದರು. ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಚಳಿ ಬಲಿತಾಗ ಹೊಲ ಕಾಯುವವರು ಕೆಳಗೆ ಕೌದಿ ಹಾಸಿ ಮೇಲೆ ಕಂಬಳಿ ಹೊದೆಯುತ್ತಿದ್ದರು. ಹೀಗೆ ವರ್ಷದ ಒಂದೊಂದು ಕಾಲಕ್ಕೂ ಕೌದಿಗೆ ಒಂದೊಂದು ಕೆಲಸವಿತ್ತು, ಹೊಲಿಯುವುದಕ್ಕೆ ಮಾತ್ರ ಎರಡೂವರೆ ತಿಂಗಳು. ಅಷ್ಟರಲ್ಲಿ ಒಬ್ಬಳು ಹೆಂಗಸು ಎಷ್ಟು ಕೌದಿ ಹೊಲಿದಾಳು? ಈ ಓಣಿಗೆ ಬರುವವರಿಗೆ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಇದೇ. ಅದರಲ್ಲಿ 400 ಕಡಿದು, ಅದೇ ಸಂಜೆ ಆ ದುಡ್ಡಿನಲ್ಲಿ ಹೊರಗೆ ಊಟ ಮಾಡಿ ಬರುವವರು ನಾವು.

ಇಷ್ಟು ಹೇಳಿದರೆ ಒಂದು ಮಾತು ಬಂದೇ ಬರುತ್ತದೆ. ಎದುರು ಮನೆಯವರೂ ಅದನ್ನೇ ಅಂದರು: "ನಮ್ಮ ಅವ್ವ, ಅಜ್ಜಿ ದುಡ್ಡು ತೆಗೆದುಕೊಂಡು ಹೊಲಿದರೇ? ಪ್ರೀತಿಯಿಂದ ಹೊಲಿದರು. ಕೌದಿಗೆ ಬೆಲೆ ಕಟ್ಟುವುದೇ ತಪ್ಪು."

ಕೇಳಲು ಚೆನ್ನಾಗಿದೆ. ಆದರೆ ನಿಜವಲ್ಲ. ನಮ್ಮ ಅಮ್ಮಂದಿರು ಬಿಟ್ಟಿ ಹೊಲಿಯಲಿಲ್ಲ, ಮುಯ್ಯಿ ಹೊಲಿದರು. ಇವತ್ತು ನಿಮ್ಮ ಮನೆಯ ಕೌದಿಗೆ ನಾಲ್ಕು ಜನ ಬಂದು ನಾಲ್ಕು ಮೂಲೆ ಹಿಡಿದು ಕೂತರೆ, ನಾಳೆ ಆ ನಾಲ್ವರ ಮನೆಗೂ ನೀವು ಹೋಗಬೇಕಿತ್ತು. ಹೋಗದೆ ತಪ್ಪಿಸಿಕೊಂಡವಳ ಮನೆಗೆ ಮತ್ತೆ ಯಾರೂ ಬರುತ್ತಿರಲಿಲ್ಲ. ಒಂದು ದಿನದ ಹೊಲಿಗೆಗೆ ಒಂದು ದಿನದ ಹೊಲಿಗೆ. ಅದಕ್ಕಿಂತ ಕಟ್ಟುನಿಟ್ಟಾದ ಸಂಬಳ ಯಾವುದಿದೆ? ಜೊತೆಗೆ ಮಧ್ಯಾಹ್ನದ ರೊಟ್ಟಿ ಊಟ, ಚಹಾ. ಈಗ ನಮಗೆ ಯಾರ ಮನೆಗೂ ಹೋಗಿ ಕೂರುವ ಪುರುಸೊತ್ತಿಲ್ಲ. ಸೂಜಿಗೆ ದಾರ ಪೋಣಿಸಲು ಬಾರದವರೂ ನಮ್ಮಲ್ಲಿ ಇದ್ದಾರೆ. ತಿರುಗಿ ಕೊಡಲು ದಿನವಿಲ್ಲ ಎಂದ ಮೇಲೆ ದುಡ್ಡು ಕೊಡಬೇಕು. ಪ್ರೀತಿಯ ಹೆಸರು ಹೇಳಿಕೊಂಡು ಬೇರೆಯವರ ಅಮ್ಮನ ದಿನಗಳನ್ನು ಪುಕ್ಕಟೆ ಪಡೆಯುವ ಹಕ್ಕು ನಮಗೆ ಯಾರು ಕೊಟ್ಟರು?

ಇಲ್ಲಿ ಇದುವರೆಗೆ ಬರೆಯದ ಒಂದು ಸಂಗತಿ ಹೇಳುತ್ತೇನೆ. ಪಿಯುಸಿಗೆ ನನ್ನ ಫೀ ಕಟ್ಟಿದ್ದು ಅವ್ವ ಹೊಲಿದ ಕೌದಿಯ ದುಡ್ಡಿನಿಂದ. ಆ ವರ್ಷ ಮಳೆ ಕೈಕೊಟ್ಟಿತ್ತು. ಊರಿನ ಉಳ್ಳವರ ಮನೆಗಳ ಗಂಟು ತಂದು ಬೇಸಿಗೆಯುದ್ದಕ್ಕೂ ಹೊಲಿದಳು. ಬಲಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿ ಕಪ್ಪುಗಟ್ಟಿತ್ತು. ರಾತ್ರಿ ಆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಅವಳಿಗೂ ಇದೇ ಮಾತು ಹೇಳಿದ್ದರು, ಹಳೆಯ ಬಟ್ಟೆ ತಾನೆ ಎಂದು. ಒಂದು ಮನೆಯವರು ದುಡ್ಡಿನ ಬದಲು ಅರ್ಧ ಚೀಲ ಜೋಳ ಅಳೆದು ಕೊಟ್ಟು ಕಳಿಸಿದ್ದರು. ಅವ್ವ ಆ ಚೀಲವನ್ನು ಮೂಲೆಗಿಟ್ಟು ಒಂದು ಮಾತೂ ಆಡದೆ ರೊಟ್ಟಿ ತಟ್ಟಲು ಕೂತಳು. ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಆ ಹೆಂಗಸು ಸುಮ್ಮನಾದಾಗ ನನಗೆ ಸಿಟ್ಟು ಬಂದದ್ದು ಏಕೆಂದು ಈಗ ನಿಮಗೆ ತಿಳಿದಿರಬಹುದು. ಸುಮ್ಮನಾದವರು ಒಪ್ಪಿದರು ಎಂದು ತಿಳಿಯಬೇಡಿ.

ಯಂತ್ರದ ಹೊಲಿಗೆ ಅಗ್ಗವಲ್ಲವೇ, ಅಂಗಡಿಯಲ್ಲಿ ಸೊಲ್ಲಾಪುರದ ಚಾದರ ಸಿಗುವುದಿಲ್ಲವೇ ಎನ್ನುವವರಿಗೆ: ಸಿಗುತ್ತದೆ, ತೆಗೆದುಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಕೌದಿಯೇ ಬೇಕು, ಕೈಹೊಲಿಗೆಯದೇ ಬೇಕು ಎಂದು ನೀವೇ ಕರೆದು ಗಂಟು ಕೊಟ್ಟಿರಿ. ಏಕೆ ಬೇಕಾಯಿತು ಎಂಬುದೂ ನಿಮಗೆ ಗೊತ್ತು. ಯಂತ್ರದಲ್ಲಿ ಮೇಲಿನ ದಾರ ಮತ್ತು ಕೆಳಗಿನ ಬಾಬಿನ್ ದಾರ ಪ್ರತಿ ಹೊಲಿಗೆಗೂ ಒಂದನ್ನೊಂದು ಬಿಗಿದು ಹಿಡಿಯುತ್ತವೆ. ದಪ್ಪ ಪದರುಗಳು ಅದುಮಿಕೊಂಡು ಬಿರುಸಾಗುತ್ತವೆ, ಮೇಲಿನ ಬಟ್ಟೆ ಮುಂದೆ ಸರಿದು ಸುಕ್ಕಾಗುತ್ತದೆ. ಕೈಹೊಲಿಗೆಯಲ್ಲಿ ಒಂದೇ ದಾರ ಮೇಲೆ ಕೆಳಗೆ ಓಡುತ್ತದೆ, ಎಷ್ಟು ಎಳೆಯಬೇಕು ಎಂಬುದನ್ನು ಬೆರಳು ಅಳೆಯುತ್ತದೆ. ಪದರುಗಳ ನಡುವೆ ಗಾಳಿ ಉಳಿಯುತ್ತದೆ. ಬೆಚ್ಚಗಿರುವುದು ಆ ಗಾಳಿಯಿಂದ.

ಅದೂ ಬಟ್ಟೆ ಹತ್ತಿಯದಾದರೆ ಮಾತ್ರ. ಈಗ ಗಂಟಿನಲ್ಲಿ ಬರುವುದು ಬಹುಪಾಲು ಪಾಲಿಯೆಸ್ಟರ್ ಸೀರೆ. ಅದು ಬೆವರು ಹೀರುವುದಿಲ್ಲ, ಪದರು ಪದರಿನ ಮೇಲೆ ನಿಲ್ಲದೆ ಜಾರುತ್ತದೆ, ಹೊಲಿಯುವವರಿಗೆ ಎರಡರಷ್ಟು ಕೆಲಸ. ಹತ್ತಿಯ ಹಳೆಯ ಇಳಕಲ್ ಸೀರೆಗಳನ್ನು ಸ್ಟೀಲ್ ಪಾತ್ರೆ ಮಾರುವವರಿಗೆ ಕೊಟ್ಟು ಬೋಗಾಣಿ ಇಸಿದುಕೊಂಡವರು ನಾವೇ. ಮಿಕ್ಕಿದ್ದನ್ನು ಕೌದಿಯವರ ಮುಂದೆ ಸುರಿದು, ಮೊದಲಿನಂಥ ಕೌದಿ ಈಗ ಬರುವುದಿಲ್ಲ ಎಂದು ದೂರುವವರೂ ನಾವೇ.

ಹುಬ್ಬಳ್ಳಿ-ಧಾರವಾಡದವರಿಗೆ ಕೈಕೆಲಸದ ಬೆಲೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ಕೊಟ್ಟಾಗ, ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವ ಹೆಣ್ಣುಮಕ್ಕಳ ಗತಿ ಏನು ಎಂದು ಎಷ್ಟು ಜನ ಮರುಗಿದಿರಿ! ನಾನೂ ಮರುಗಿದೆ, ಬರೆದೆ. ಆ ಸಿಟ್ಟು ನ್ಯಾಯವಾದದ್ದೇ. ಅದೇ ನ್ಯಾಯ ನಮ್ಮ ಮನೆಯ ಕಟ್ಟೆಯ ಮೇಲೆ ಏಕೆ ನಡೆಯುವುದಿಲ್ಲ? ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಕ (ಜಿಐ), ಅಂದರೆ ಇದು ಈ ಸೀಮೆಯದೇ ಎಂಬ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆಗಳ ಹೆಸರು ಹೇಳಿ ಸಾವಿರಗಟ್ಟಲೆ ಕೊಟ್ಟು ಸೀರೆ ಕೊಳ್ಳುತ್ತೇವೆ. ನವಲಗುಂದದ ಜಮಖಾನಕ್ಕೂ ಆ ಮಾನ್ಯತೆ ಇದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಹೊರದೇಶದ ಪ್ರದರ್ಶನಗಳವರೆಗೆ ಹೋಗಿವೆ. ನಮ್ಮ ಓಣಿಗೆ ಗಂಟು ಹೊತ್ತು ಬರುವವರು ಹಿಡಿಯುವುದೂ ಅದೇ ಸೂಜಿ. ಅವರ ಹತ್ತಿರ ಮಾನ್ಯತೆಯ ಚೀಟಿ ಇಲ್ಲ, ಗಾಜಿನ ಬಾಗಿಲಿನ ಅಂಗಡಿ ಇಲ್ಲ, ಅಷ್ಟಕ್ಕೇ ಚೌಕಾಸಿಯೇ? ಗಾಜಿನ ಬಾಗಿಲಿನ ಒಳಗೆ ಬಿಲ್ ನೋಡಿ ತುಟಿ ಪಿಟಕ್ಕೆನ್ನದವರು ಕಟ್ಟೆಯ ಮೇಲೆ ಗಟ್ಟಿಗರಾಗುವುದನ್ನು ನೋಡಿದರೆ ನನಗೆ ಸಹಿಸಲು ಆಗುವುದಿಲ್ಲ.

ಈ ವರ್ಷದ ಹಂಗಾಮು ಮುಗಿಯಿತು, ಇನ್ನು ಮಳೆ. "ಒಂದು ವಾರದಲ್ಲಿ ದೊಡ್ಡ ಕೌದಿ ಆಗುತ್ತದೆಯೇ ಕೇಳಿ" ಎಂದು ನನಗೆ ಫೋನ್ ಮಾಡಬೇಡಿ, ಆಗುವುದಿಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ ನಮ್ಮ ಓಣಿಗೆ ಬರುವ ಆ ಕೌದಿಯವರು ಕೂಸಿನ ಕುಂಚಿಗೆ, ಕುಲಾವಿ ಹೊಲಿದುಕೊಡುತ್ತಾರೆ. ದೊಡ್ಡದು ಬೇಕಾದವರು ಟ್ರಂಕಿನಲ್ಲಿರುವ ಹತ್ತಿಯ ಸೀರೆ, ಧೋತರಗಳನ್ನು ಪಾತ್ರೆಯವರಿಗೆ ಕೊಡದೆ ಈಗಲೇ ತೆಗೆದಿಡಿ, ಒಗೆದು ಒಣಗಿಸಿ ಇಡಿ. ಹೋಳಿ ಆದ ಮೇಲೆ ಗಂಟು ಕೊಡಿ. ದಾರದ ದುಡ್ಡು ಮುಂಗಡ ಕೊಡಿ, ಹೊಲಿಗೆಯ ದುಡ್ಡು ಬೇರೆ. ಅವರನ್ನು ಕೇಳಿ ದರ ಕೂಡಿಸಿಕೊಂಡು ಬಂದಿದ್ದೇನೆ, ಮುಂದಿನ ವರ್ಷದಿಂದ ದೊಡ್ಡ ಕೌದಿಗೆ 2,000 ರೂಪಾಯಿ. ಇದಕ್ಕೆ ಒಪ್ಪಿಗೆ ಇದ್ದವರು ಮಾತ್ರ ಸಂದೇಶ ಕಳಿಸಿ, ಅವರನ್ನು ನಿಮ್ಮ ಮನೆಗೆ ನಾನೇ ಕರೆದುಕೊಂಡು ಬರುತ್ತೇನೆ. ಹಣ ಎಣಿಸಿ ಕೊಡುವ ಹೊತ್ತಿಗೂ ಅಲ್ಲೇ ಇರುತ್ತೇನೆ.