ರೇನ್ ಕವರ್ ಎಂಬ ಸಮಾಧಾನ

ಮೊನ್ನೆ ಸಂಜೆ ದಾವಣಗೆರೆಯ ಅಂಗಡಿಯೊಂದರಲ್ಲಿ ಚೈನಿಗೆ ಹಾಕುವ ಎಣ್ಣೆ ಕೊಳ್ಳಲು ನಿಂತಿದ್ದಾಗ, ಆಗುಂಬೆಗೆ ಹೊರಟಿದ್ದ ಹುಡುಗನೊಬ್ಬನಿಗೆ ಬೈಕಿನ ಬ್ಯಾಗ್ ಮಾರುತ್ತಿದ್ದ ವೈಖರಿಯನ್ನು ಕಂಡು ಮೈ ಉರಿಯಿತು. ಅಂಗಡಿಯಾತ ಬ್ಯಾಗಿನ ಮೇಲೆ ಅರ್ಧ ಲೋಟ ನೀರು ಸುರಿದ, ನೀರು ಮಣಿಮಣಿಯಾಗಿ ಉರುಳಿಹೋಯಿತು. "ಒಂದ್ ಹನಿ ಒಳಗೆ ಹೋಗಲ್ಲ ನೋಡ್ರಿ, ಬ್ಯಾಗಿನ್ ಮ್ಯಾಲೆ ಹೊದಿಸಾಕ ರೇನ್ ಕವರ್ ಬೇರೆ ಫ್ರೀ" ಎಂದ. ಹುಡುಗ ಮರುಮಾತಿಲ್ಲದೆ ಹಣ ತೆಗೆದ. ಬೇರೆಯವರ ವ್ಯಾಪಾರದಲ್ಲಿ ಬಾಯಿ ಹಾಕಬೇಡಿ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿರುವುದರಿಂದ ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಕಾರುತ್ತಿದ್ದೇನೆ.

ಬಟ್ಟೆಯ ಮೇಲೆ ನೀರು ಉರುಳುವುದು ಅದರ ಲೇಪನದ ಗುಣ. ಆದರೆ ಬ್ಯಾಗಿನೊಳಕ್ಕೆ ನೀರು ನುಗ್ಗುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಹೊಲಿಗೆಯಿಂದ ಮತ್ತು ಜಿಪ್ಪಿನಿಂದ. ಸೂಜಿ ಹಾಯ್ದ ಕಡೆಯೆಲ್ಲ ಒಂದೊಂದು ತೂತು ಇರುತ್ತದೆ, ಒಳಗಿನಿಂದ ಟೇಪು ಅಂಟಿಸಿ ಅದನ್ನು ಮುಚ್ಚದಿದ್ದರೆ ಬಟ್ಟೆ ಎಷ್ಟೇ ಉತ್ತಮವಾಗಿದ್ದರೂ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಲೋಟದ ನೀರಿನದ್ದಲ್ಲ, ಬ್ಯಾಗನ್ನು ಒಳಹೊರಗು ಮಾಡಿ ಅಂಚುಗಳನ್ನು ಬರೀ ದಾರದಿಂದ ಹೊಲಿದು ಬಿಟ್ಟಿದ್ದಾರೋ, ಮೇಲೆ ಟೇಪು ಅಂಟಿಸಿದ್ದಾರೋ, ಹೊಲಿಗೆಯೇ ಇಲ್ಲದಂತೆ ಶಾಖದಿಂದ ಬೆಸೆದಿದ್ದಾರೋ ಎಂದು ನೋಡುವುದು. ಅದನ್ನು ತೋರಿಸಿ ಎಂದರೆ ಅಂಗಡಿಯವರಿಗೆ ಥಟ್ಟನೆ ಬೇರೆ ಗಿರಾಕಿ ನೆನಪಾಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 650 ಮಿಲಿಮೀಟರು. ಆಗುಂಬೆಯಲ್ಲಿ ವರ್ಷದ ಮಳೆ 7000 ಮಿಲಿಮೀಟರು ಮೀರುತ್ತದೆ, ಜುಲೈ ತಿಂಗಳೊಂದರಲ್ಲೇ ಸಾಮಾನ್ಯವಾಗಿ 2000 ದಾಟುತ್ತದೆ. ಬೆಳಿಗ್ಗೆ ಬೆಣ್ಣೆದೋಸೆ ತಿಂದು ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಹೊರಟವನು ಮಧ್ಯಾಹ್ನದೊಳಗೆ ಆ ಮಳೆಯ ಬಾಯಿಗೆ ಬೀಳುತ್ತಾನೆ. ಬಯಲುಸೀಮೆಯ ಲೋಟದಿಂದ ಮಲೆನಾಡಿನ ಮಳೆಯನ್ನು ಅಳೆದು ಮಾರುವುದಕ್ಕೆ ಏನೆನ್ನಬೇಕು?

ಇನ್ನು ಆ ರೇನ್ ಕವರ್! ನನ್ನ ನಿಜವಾದ ಜಗಳ ಇರುವುದೇ ಅದರೊಂದಿಗೆ. ಮಳೆ ಮೇಲಿನಿಂದ ಮಾತ್ರ ಬರುತ್ತದೆ ಎಂದು ನಂಬಿದವರು ಮಾಡಿದ ವಸ್ತು ಅದು. ಓಡುವ ಬೈಕಿನಲ್ಲಿ ಹಿಂದಿನ ಚಕ್ರ ಕೆಸರುನೀರನ್ನು ಕೆಳಗಿನಿಂದ ಚಿಮ್ಮಿಸುತ್ತದೆ, ಸವಾರನ ಬೆನ್ನಿನಿಂದ ಇಳಿದ ನೀರು ಸೀಟಿಗೂ ಬ್ಯಾಗಿಗೂ ನಡುವೆ, ಕವರ್ ಇಲ್ಲದ ಮಗ್ಗುಲಿಗೇ ಬಂದು ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಕವರಿನೊಳಗೆ ಗಾಳಿ ಹೊಕ್ಕು ಅದು ಉಬ್ಬಿ ಪಟಪಟನೆ ಬಡಿದುಕೊಳ್ಳುತ್ತದೆ, ಕೊನೆಗೆ ಇಲಾಸ್ಟಿಕ್ ಸಡಿಲವಾಗಿ ಹಿಂದಿನ ಲಾರಿಯವನ ಪಾಲಾಗುತ್ತದೆ. ಹಾರಿಹೋಗದೆ ಉಳಿದರೆ ಇನ್ನೂ ಕಷ್ಟ, ಏಕೆಂದರೆ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಬ್ಯಾಗಿನ ತಳ ಬೋಗುಣಿಯಲ್ಲಿ ಅಕ್ಕಿ ನೆನೆಹಾಕಿದಂತೆ ದಾರಿಯುದ್ದಕ್ಕೂ ನೆನೆಯುತ್ತದೆ. ಅಡಿಯಲ್ಲಿ ನೀರಿಳಿಯಲು ಒಂದು ತೂತು ಇಡಬೇಕೆಂಬ ಬುದ್ಧಿಯೂ ಅದನ್ನು ಹೊಲಿದವರಲ್ಲಿ ಅನೇಕರಿಗೆ ಇರುವುದಿಲ್ಲ.

ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೆಕ್ಕೆಜೋಳದ ರಾಶಿಗೆ ಮೇಲೊಂದು ತಾಡಪಾಲು ಹೊದಿಸಿದರೆ ಕೆಲಸ ಮುಗಿಯಿತೆಂದು ಅವರು ಮನೆಗೆ ಹೋಗುವುದಿಲ್ಲ. ಕೆಳಗೊಂದು ಹಾಸಿರುತ್ತಾರೆ, ಅಂಚಿಗೆ ಕಲ್ಲು ಹೇರಿರುತ್ತಾರೆ, ಹರಿದು ಬರುವ ನೀರನ್ನು ಬೇರೆಡೆಗೆ ತಿರುಗಿಸಿರುತ್ತಾರೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹೊರಗಿನ ಬ್ಯಾಗು ನೆನೆಯಲಿ ಬಿಡಿ, ಒಳಗಿನ ವಸ್ತುಗಳನ್ನು ಬೇರೆ ಚೀಲಗಳಲ್ಲಿ ಕಾಪಾಡಿ. ಬಾಯಿ ಸುತ್ತಿ ಮುಚ್ಚುವ, ನೀರು ಹೊಗದ ಡ್ರೈ ಬ್ಯಾಗಿನಲ್ಲಿ ಬಟ್ಟೆ ತುಂಬಿ, ಗಾಳಿಯನ್ನು ಒತ್ತಿ ಹೊರಹಾಕಿ, ಬಾಯನ್ನು ಕನಿಷ್ಠ ಮೂರು ಸುತ್ತು ಬಿಗಿಯಾಗಿ ಸುತ್ತಿ ಬಕಲ್ ಹಾಕಬೇಕು. ಕಂಠದವರೆಗೆ ತುರುಕಿ ಒಂದೇ ಸುತ್ತು ಸುತ್ತುವವರು ರೇನ್ ಕವರಿನ ಪಂಗಡಕ್ಕೇ ಸೇರಿದವರು. ಮೊಬೈಲಿಗೆ ನೀರು-ಧೂಳು ತಡೆಯುವ ಐಪಿ67 ದರ್ಜೆ ಇದೆಯೆಂದು ಜಂಬ ಪಡುವವರಿಗೂ ಒಂದು ಮಾತು. ಅದು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷದ ಪರೀಕ್ಷೆಯೇ ಹೊರತು, ಗಂಟೆಗಟ್ಟಲೆ ಎದುರುಗಾಳಿಯಲ್ಲಿ ಬಡಿಯುವ ಮಳೆಯದ್ದಲ್ಲ. ಚಾರ್ಜಿಂಗ್ ಕಿಂಡಿ ಒದ್ದೆಯಾದರೆ ರಾತ್ರಿ ಚಾರ್ಜ್ ಆಗುವುದೂ ಕಷ್ಟ.

"ನಿಮಗೇನು ಸ್ವಾಮಿ, ಸಂಬಳ ಬರುತ್ತದೆ, ಒಳ್ಳೆಯ ಡ್ರೈ ಬ್ಯಾಗು ಕೊಳ್ಳುತ್ತೀರಿ, ಹುಡುಗರೆಲ್ಲಿಂದ ತರಬೇಕು?" ಎಂದು ಕಾಮೆಂಟಿನಲ್ಲಿ ಬರೆಯಲು ಹೊರಟವರು ಸ್ವಲ್ಪ ತಡೆಯಿರಿ. ದಪ್ಪ ಪ್ಲಾಸ್ಟಿಕ್ ಚೀಲ ಮಂಡಿಪೇಟೆಯಲ್ಲಿ ಸಿಗುತ್ತದೆ. ಎರಡನ್ನು ಒಂದರೊಳಗೊಂದು ಇಟ್ಟು, ಬಾಯನ್ನು ತಿರುಚಿ ಮಡಚಿ ರಬ್ಬರ್ ಹಾಕಿದರೆ ಒಂದು ಮಳೆಗಾಲ ಕಳೆಯುತ್ತದೆ. ಚೆನ್ನಾಗಿ ಕಾಣುವುದಿಲ್ಲ, ನಿಜ. ರೀಲಿನಲ್ಲಿ ಕಿತ್ತಳೆ ಬಣ್ಣದ ಕವರ್ ಮಿಂಚುವಷ್ಟು ಪ್ಲಾಸ್ಟಿಕ್ ಚೀಲ ಮಿಂಚುವುದಿಲ್ಲ, ಅಸಲಿ ತೊಂದರೆ ಅದೇ ಇರಬೇಕು.

ಬ್ಯಾಗಿನ ಬದಲು ಬೈಕಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟುವವರೂ ವಾದಕ್ಕೆ ಬರುತ್ತಾರೆಂದು ಗೊತ್ತು. ಬೈಕು ಒಮ್ಮೆ ಮಗ್ಗುಲಾಗಿ ಅಂಚು ಸೊಟ್ಟಗಾದರೆ ಮುಚ್ಚಳದ ರಬ್ಬರು ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಅದರೊಳಗೂ ಚೀಲ ಬೇಕೇ ಬೇಕು.

ನಾನು ಮಳೆಗಾಲದಲ್ಲಿ ಘಟ್ಟಕ್ಕೆ ಹೋಗುವುದೇ ನೆನೆಯಲಿಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ರಾತ್ರಿ ಲಾಡ್ಜಿನಲ್ಲಿ ಚೀಲ ಬಿಚ್ಚಿ ಒಣಗಿದ ಬನಿಯನ್ ಮೈಗೆ ಹಾಕಿಕೊಂಡಾಗ ಆಗುವ ಸುಖ ಜೋಗದ ಮುಂದೆ ನಿಂತಾಗಲೂ ನನಗೆ ಆಗಿಲ್ಲ. ನಿಸರ್ಗಪ್ರೇಮಿಗಳು ಬೈದರೂ ಚಿಂತೆಯಿಲ್ಲ. ಆ ಸುಖ ಬೇಕೆನ್ನುವವರು ಒದ್ದೆ ರೇನ್‌ಕೋಟನ್ನು ಮಾತ್ರ ಅದೇ ಬ್ಯಾಗಿಗೆ ತುರುಕಬೇಡಿ, ಹಗ್ಗ ಹಾಕಿ ಹೊರಗಡೆಯೇ ಕಟ್ಟಿ.