ಟೆಂಡರ್ ಪ್ರಕಟಣೆಯ ಹಿಂದೆ

ಸಂಜೆ ಏಳೂವರೆಗೆ ನಾನು ಪೇಪರ್ ಓದಲು ಕೂರುತ್ತೇನೆ. ಬೆಳಗ್ಗೆ ಒಂದು ಸಲ ಓದಿ ಮುಗಿಸಿದ ಪೇಪರೇ. ಪಡಸಾಲೆಯಲ್ಲಿ ಟಿವಿಗೆ ನೇರವಾಗಿ ಕುರ್ಚಿ ಹಾಕಿಕೊಂಡು, ಕಣ್ಣಿಗಿಂತ ನಾಲ್ಕು ಬೆರಳು ಕೆಳಗೆ ಹಿಡಿದು ಓದುತ್ತೇನೆ. ಬಹಳ ದಿನ ಯಾರಿಗೂ ಅನುಮಾನ ಬರಲಿಲ್ಲ. ಒಂದು ಸಂಜೆ ಮಗಳು ಪಕ್ಕಕ್ಕೆ ಬಂದು ನಿಂತು, "ಪಪ್ಪಾ, ಅರ್ಧ ತಾಸಿನಿಂದ ಟೆಂಡರ್ ಪ್ರಕಟಣೆನೇ ಓದ್ಲತ್ತೀರಿ. ರಸ್ತೆ ಕೆಲಸ ಹಿಡೀಬೇಕಂತ ಮಾಡೀರೇನು?" ಅಂದಳು.

ಹಿಡಿದಿದ್ದು ರಸ್ತೆ ಕೆಲಸ ಅಲ್ಲ, ಸೀರಿಯಲ್ ಹುಚ್ಚು. ಅದೂ ಎಂಥ ಸೀರಿಯಲ್? ಅತ್ತೆ, ಸೊಸೆ, ಮಾಂಗಲ್ಯ, ಮಲಗುವಾಗಲೂ ಒಡವೆ ತೆಗೆಯದ ನಾದಿನಿ, ಮೂರನೇ ಗಂಟು ಬೀಳುವ ಹೊತ್ತಿಗೆ "ನಿಲ್ಸೀ" ಅಂತ ಬಾಗಿಲಲ್ಲಿ ಒಬ್ಬರು. ಹೆಂಗಸರಿಗೆ ಅಂತಲೇ ಮಾಡಿದ್ದು ಅನ್ನುತ್ತಾರಲ್ಲ, ಅವೇ.

ನನ್ನ ಹೆಂಡತಿಗೆ ಇವು ಸೇರುವುದಿಲ್ಲ. ಆಕೆಗೆ ಕ್ರಿಕೆಟ್ ಬೇಕು. ಐಪಿಎಲ್ ರಾತ್ರಿ ಪಂದ್ಯ ಶುರುವಾಗುವುದೂ ಏಳೂವರೆಗೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯ ಜಗಳ ಬೇರೆ ಮನೆಗಳ ಜಗಳದಂತೆಯೇ ಇರುತ್ತದೆ, ಪಾತ್ರಗಳು ಮಾತ್ರ ಅದಲುಬದಲು. ನೆಂಟರು ಬಂದರೆ ರಿಮೋಟ್ ಆಕೆಯ ಕೈಗೆ, ಪೇಪರ್ ನನ್ನ ಕೈಗೆ. ಮರ್ಯಾದೆ ಅಂತ ಒಂದು ಇರುತ್ತದೆ, ಅಲ್ವಾ.

ನಾನು ಮೊದಲಿಂದ ಹೀಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಬೀಗ ಬೀಳುವ ಮುಂಚೆಯೇ ಕಲಬುರಗಿ ಬಾಗಿಲು ಹಾಕಿಕೊಂಡಿತ್ತು. ಆಫೀಸಿಲ್ಲ, ಜಗತ್ ಸರ್ಕಲ್‌ನಲ್ಲಿ ಚಹಾ ಇಲ್ಲ, ಅಪ್ಪನ ಕೆರೆ ಕಡೆ ವಾಕಿಂಗ್ ಇಲ್ಲ. ಮನೆಯಲ್ಲಿ ಅವ್ವ ಇದ್ದಳು, ಟಿವಿ ಇತ್ತು. ಅಷ್ಟರಲ್ಲಿ ಶೂಟಿಂಗ್ ನಿಂತು, ಚಾನೆಲ್‌ಗಳು ಹಳೆ ಸಂಚಿಕೆ ಹಾಕಲು ಶುರು ಮಾಡಿದವು. ನಾನು ಕೆಟ್ಟಿದ್ದು ಅಲ್ಲೇ. ನಡುವೆ ಇಣುಕಿದವನಿಗೆ ಸೀರಿಯಲ್ ಅಂದರೆ ಸುಮ್ನೆ ಅಳು. ಮೊದಲಿಂದ ನೋಡಿದವನಿಗೆ ಆ ಅಳು ಯಾಕೆ ಅಂತ ಗೊತ್ತಿರುತ್ತದೆ. ಲಾಕ್‌ಡೌನ್ ತೆರವಾಗುವ ಹೊತ್ತಿಗೆ ಯಾರ ಆಸ್ತಿ ಪತ್ರ ಯಾರ ಕಪಾಟಿನಲ್ಲಿದೆ ಅನ್ನುವುದು ನನಗೂ ಅವ್ವನಿಗೂ ಬಾಯಿಪಾಠ ಆಗಿತ್ತು.

ಅವ್ವ ನೋಡುವ ರೀತಿಯೇ ಬೇರೆ. ಆಕೆ ಟಿವಿ ಜೊತೆ ಮಾತಾಡುತ್ತಾಳೆ. "ಏ ಹುಚ್ಚಿ, ಆ ಹಾಲು ಕುಡೀಬ್ಯಾಡ!" ಅಂತ ಕೂಗುತ್ತಾಳೆ. ಆ ಸೊಸೆಗೆ ಕಲಬುರಗಿ ಮಾತು ತಿಳಿಯುವುದಿಲ್ಲವೋ ಏನೋ, ಕುಡಿದೇ ಬಿಡುತ್ತಾಳೆ. ಸೀರಿಯಲ್ಲಿನವರು ಮಾತಾಡುವುದು ಬೆಂಗಳೂರು, ಮೈಸೂರು ಕಡೆಯ ಕನ್ನಡ ನೋಡಿ. ಅದು ಅಂಟುರೋಗ. ಒಂದು ದಿನ ಆಫೀಸಿನಲ್ಲಿ ಸಾಹೇಬರು ಫೈಲ್ ಯಾಕೆ ತಡ ಅಂತ ಕೇಳಿದರೆ, ನನ್ನ ಬಾಯಿಂದ "ಹಾಗೇನಿಲ್ಲಾ ಸಾರ್, ನೀವು ನನ್ನನ್ನ ತಪ್ಪು ತಿಳ್ಕೊಂಡಿದೀರಾ" ಅಂತ ಬಂತು. ದನಿಯಲ್ಲಿ ಸ್ವಲ್ಪ ನಡುಕವೂ ಇತ್ತು. ಸಾಹೇಬರು ಫೈಲ್ ಮರೆತು ನನ್ನ ಮುಖವನ್ನೇ ನೋಡಿದರು. ಹೊರಗೆ ಬಂದ ಮೇಲೆ ಪಕ್ಕದ ಟೇಬಲ್ಲಿನವ, "ಬೆಂಗ್ಳೂರಿಗಿ ಯಾವಾಗ ಹೋಗಿದ್ದಿ?" ಅಂದ.

ಟಿವಿ ವಿಷಯದಲ್ಲಿ ಬೆಂಗಳೂರಿನವರು ನಮಗೆ ಏನೂ ಹೇಳಿಕೊಡಬೇಕಾಗಿಲ್ಲ. ಟಿವಿ ನಮ್ಮಲ್ಲಿಗೇ ಮೊದಲು ಬಂದಿದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ. ಕೋಳಿಗೂಡಿಗೆ ಹಾಕುವಂಥ ಜಾಲರಿಯ ದೊಡ್ಡ ಛತ್ರಿ, ಅದರ ಕೆಳಗೆ ಊರಿಗೆಲ್ಲ ಒಂದು ಟಿವಿ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಬೇರೆ ಯಾವ ಸೌಲಭ್ಯದಲ್ಲೂ ನಾವು ಅವರಿಗಿಂತ ಮುಂದೆ ಇದ್ದ ನೆನಪಿಲ್ಲ, ಆದ್ದರಿಂದ ಇದೊಂದನ್ನು ಸಿಕ್ಕಸಿಕ್ಕಲ್ಲಿ ಹೇಳುತ್ತೇನೆ. ಆಗ ತೋರಿಸುತ್ತಿದ್ದದ್ದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಈಗ ತೋರಿಸುವುದೂ ಕುಟುಂಬವೇ. ಯೋಜನೆ ಮಾತ್ರ ವಿಲನ್‌ಗಳದ್ದು.

ನಮ್ಮೂರಲ್ಲಿ ಸೀರಿಯಲ್ ನೋಡುವುದು ಸುಲಭದ ಕೆಲಸ ಅಂತ ತಿಳಿಯಬೇಡಿ. ಮೊದಲನೆಯ ಶತ್ರು ಕೂಲರ್. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 44 ಡಿಗ್ರಿ ತಲುಪುತ್ತದೆ, ಸಂಜೆಯಾದರೂ ಗೋಡೆ ಮುಟ್ಟಲಾಗುವುದಿಲ್ಲ. ಕೂಲರ್ ಹಾಕಿದರೆ ಮನೆಯೊಳಗೆ ಲಾರಿ ನಿಲ್ಲಿಸಿದಂಥ ಸದ್ದು. ತಂಪು ಬೇಕೋ, ಕಥೆ ಬೇಕೋ? ನಾವು ತಂಪು ಆರಿಸಿಕೊಂಡು, ಕಥೆಯನ್ನು ತುಟಿ ನೋಡಿ ಓದುತ್ತೇವೆ. ಹಿಂದಿನ ಬೇಸಿಗೆಯಲ್ಲಿ ದೊಡ್ಡ ಸೊಸೆ ಗರ್ಭಿಣಿ ಅಂತ ನಾನೂ ಅವ್ವನೂ ಹದಿನೈದು ದಿನ ಸಂತೋಷವಾಗಿದ್ದೆವು. ಮಳೆ ಬಿದ್ದು ಕೂಲರ್ ಆರಿಸಿದ ಮೇಲೆ ಗೊತ್ತಾಯಿತು, ಆಕೆ ಗರ್ಭಿಣಿಯಲ್ಲ, ಮನೆಯವರು ಆಕೆಯನ್ನು "ಗರ್ವಿಷ್ಠೆ" ಅಂದಿದ್ದರು.

ಎರಡನೆಯದು ನಳ. ಇಲ್ಲಿ "ನಳ ಬಂತು" ಅನ್ನುವುದು "ಬೆಂಕಿ ಬಿತ್ತು" ಅಂದಷ್ಟೇ ತುರ್ತು. ನಾಲ್ಕೈದು ದಿನಕ್ಕೊಮ್ಮೆ ಬರುವ ನಳ ಬರುವುದೂ ಗುಟ್ಟು ಹೊರಬೀಳುವ ಹೊತ್ತಿಗೇ. ಜಾಹೀರಾತು ಒಂದು ತಾಸಿಗೆ 12 ನಿಮಿಷ ಮೀರಬಾರದು ಅನ್ನುವುದು ನಿಯಮ. ಅರ್ಧ ತಾಸಿಗೆ ಆರು ನಿಮಿಷ ಅಂತ ಲೆಕ್ಕ ಹಾಕಿ ನಾನು ಒಂದೊಂದು ಬ್ರೇಕಿಗೆ ಎರಡು ಕೊಡ ತುಂಬುತ್ತೇನೆ. ಒಮ್ಮೆ ಮೋಟಾರ್ ಹಾಕಿ ಬಂದು ಕೂತೆ. ಒಳಗೆ ಸತ್ತಿದ್ದ ಮಾವ ತನ್ನದೇ ಫೋಟೋದ ಹಾರ ತೆಗೆದು ಪಕ್ಕಕ್ಕಿಟ್ಟು ನಿಂತಿದ್ದ. ಅಂಥ ಹೊತ್ತಲ್ಲಿ ಮೋಟಾರ್ ನೆನಪಿಡುವ ಮನುಷ್ಯ ಇದ್ದರೆ ಅವನಿಗೆ ಕರುಳು ಇಲ್ಲ ಅಂತಲೇ ನನ್ನ ತೀರ್ಮಾನ. ಟ್ಯಾಂಕಿನ ನೀರು ಪಕ್ಕದ ಮನೆಯ ಮಾಳಿಗೆಗೆ ಹರಿದು, ಅವರು ಒಣಗಲು ಹಾಕಿದ್ದ ಶಾವಿಗೆ ಅಲ್ಲೇ ಪಾಯಸದ ಹಂತಕ್ಕೆ ಬಂದಿತ್ತು.

ಆ ಮನೆಯ ಕಾಕುಗೆ ನಾನು ಎದುರು ಮಾತಾಡುವಂತಿಲ್ಲ. ಶಾವಿಗೆ ಒಂದೇ ಕಾರಣವಲ್ಲ. ಕಾಕು ಸೋಲಾಪುರದವರು, ಮರಾಠಿ ಸೀರಿಯಲ್ ನೋಡುತ್ತಾರೆ. ನಮ್ಮ ಎಷ್ಟೋ ಕನ್ನಡ ಸೀರಿಯಲ್‌ಗಳು ಮೊದಲು ಮರಾಠಿಯಲ್ಲೋ ಹಿಂದಿಯಲ್ಲೋ ಬಂದ ಕಥೆಗಳು. ನನಗೆ ಭವಿಷ್ಯ ಆಗಿರುವುದು ಕಾಕುಗೆ ಹಳೆ ಸುದ್ದಿ. ಸೊಸೆ ನದಿಗೆ ಬಿದ್ದ ದಿನ ಅವ್ವ ಊಟ ಬಿಟ್ಟು ಕೂತಿದ್ದಳು. ಕಾಕು ಕಾಂಪೌಂಡ್ ಮೇಲಿಂದ ಇಣುಕಿ, "ಅಯ್ಯ, ಅಕಿ ಸತ್ತಿಲ್ರೀ! ನಮ್ದರಾಗ ಆರು ತಿಂಗಳ ಹಿಂದೇನೇ ಎದ್ದು ಬಂದಾಳ. ಊಟ ಮಾಡ್ರಿ" ಅಂದರು. ಅವ್ವ ಊಟ ಮಾಡಿದಳು, ಆದರೆ ಮೂರು ದಿನ ಕಾಕುವಿನ ಜೊತೆ ಮಾತು ಬಿಟ್ಟಳು. ಯಾರು ಸತ್ತರು ಅಂತ ಮುಂಚೆ ಹೇಳಿದರೆ ತಡೆದುಕೊಳ್ಳಬಹುದು, ಬದುಕಿದ್ದಾರೆ ಅಂತ ಹೇಳಿಬಿಟ್ಟರೆ ಅಳುವುದು ಯಾರಿಗೆ?

ಅಂದಹಾಗೆ ಹೀಗೆ ಸತ್ತವರು ಏಳುವುದಕ್ಕೂ ಗುರುವಾರಕ್ಕೂ ಸಂಬಂಧ ಇದೆ. ಯಾವ ಸೀರಿಯಲ್ಲನ್ನು ಎಷ್ಟು ಜನ ನೋಡಿದರು ಅನ್ನುವ ವಾರದ ಲೆಕ್ಕ ಬರುವುದು ಗುರುವಾರ. ಲೆಕ್ಕ ಇಳಿದರೆ ಯಾರಾದರೂ ಏಳುತ್ತಾರೆ, ಇಲ್ಲವೇ ಅವಳಿ ಜವಳಿ ಬರುತ್ತಾರೆ. ನಾನು ಅದನ್ನೂ ನೋಡುತ್ತೇನೆ. ತೊಗರಿ ದರ ನೋಡುವವರ ನಡುವೆ ಕೂತು ಟಿಆರ್‌ಪಿ ನೋಡುವವನು ನಾನೊಬ್ಬನೇ ಇರಬೇಕು.

ಇಷ್ಟೆಲ್ಲ ನೋಡಿ ನೋಡಿ ನನಗೆ ಒಂದು ವಿದ್ಯೆ ಬಂದಿತ್ತು. ಜನರ ಹುಬ್ಬು ನೋಡಿ ಒಳಗಿನದು ಹೇಳುವುದು. ಯಾದಗಿರಿಯಲ್ಲಿ ಅದು ನನ್ನನ್ನು ಮುಳುಗಿಸಿತು.

ಅಣ್ಣನ ಮಗನಿಗೆ ಹೆಣ್ಣು ನೋಡಲು ಯಾದಗಿರಿಗೆ ಹೋಗಿದ್ದೆವು. ಶಹಾಬಾದ್, ವಾಡಿ ದಾಟಿ ರೈಲಿನಲ್ಲಿ. ಒಳ್ಳೆ ಜನ. ಹುಡುಗಿ ಚೆಂದ, ಓದಿದವಳು. ಅಣ್ಣ ಕಣ್ಣಲ್ಲೇ ಆಯ್ತು ಅಂದ. ನನಗೆ ಮಾತ್ರ ಹುಡುಗಿಯ ಸೋದರತ್ತೆ ಮೇಲೆ ಕಣ್ಣು. ಬಾಗಿಲ ಹತ್ತಿರ ನಿಂತು ಒಂದು ಹುಬ್ಬು ಏರಿಸುತ್ತಿದ್ದರು. ನನ್ನ ಹೆಂಡತಿಯ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದರು. ಆಮೇಲೆ ಟ್ರೇ ತಂದರು. ಎಲ್ಲರೂ ತಮ್ಮ ತಮ್ಮ ಕಪ್ಪು ತಾವೇ ತೆಗೆದುಕೊಂಡರೆ, ನನಗೆ ಮಾತ್ರ ಮೂಲೆಯ ಒಂದು ಕಪ್ಪನ್ನು ತಾವೇ ಎತ್ತಿ ಮುಂದಿಟ್ಟು, "ಇದು ನಿಮ್ಮದ್ರೀ" ಅಂದರು. ಅರ್ಧ ತುಟಿಯ ನಗೆ ಬೇರೆ.

ನನ್ನ ತಲೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಯಿತು. ಮೊನ್ನೆ ಗುರುವಾರದ ಸಂಚಿಕೆಯಲ್ಲಿ ಹೀಗೇ ಆಗಿತ್ತು. ಹಾಲಿನ ಗ್ಲಾಸು, ಪುಡಿ, ಕೊನೆ ಗಳಿಗೆಯಲ್ಲಿ ನಾಯಕಿ ಗ್ಲಾಸು ಬದಲಿಸುತ್ತಾಳೆ. ಹುಡುಗಿಯ ತಂದೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವರು ಆ ಕಡೆ ತಿರುಗಿ "ಚುಡಾ ತರ್ರಿ" ಅಂತ ಒಳಗೆ ಕೂಗಿದರು. ಅಷ್ಟರಲ್ಲಿ ನನ್ನ ಕಪ್ಪು ಅವರ ಮುಂದೆ, ಅವರ ಕಪ್ಪು ನನ್ನ ಮುಂದೆ. ಐವತ್ತರ ಹತ್ತಿರದ ಮನುಷ್ಯ, ಸರ್ಕಾರಿ ನೌಕರ, ನಾನು ಮಾಡಿದ ಕೆಲಸ ಇದು.

ಅವರು ಒಂದು ಗುಟುಕು ಕುಡಿದರು. ಮುಖ ಒಂಥರಾ ಆಯಿತು. ಕಪ್ಪು ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು. ನಾನು ನನ್ನ ಚಹಾ ಹೀರಿದೆ. ಬಾಯಿಗೆ ಅಂಟುವಷ್ಟು ಸಿಹಿ, ಎಷ್ಟೋ ತಿಂಗಳಾದ ಮೇಲೆ ಸಿಕ್ಕಿದ್ದು. ಪೂರ್ತಿ ಕುಡಿದೆ.

ಸೋದರತ್ತೆ ಬಂದು ಕೇಳಿದರು, "ಸಕ್ರಿ ಇಲ್ದ ಚಹಾ ನಡೀತಲ್ರೀ? ನಿಮಗ ಶುಗರ್ ಅದ ಅಂತ ನಿಮ್ಮನಿಯವರು ಮೊದಲೇ ಫೋನ್ ಮಾಡಿ ಹೇಳಿದ್ರು. ಅದಕ್ಕ ಬ್ಯಾರೇನೇ ಮಾಡ್ಸೀನಿ."

ನಾನು "ಭಾಳ ಚಲೋ ಇತ್ರಿ" ಅಂದೆ. ಹೆಂಡತಿ ನನ್ನ ಕಡೆ ತಿರುಗಿದಳು. ಸೀರಿಯಲ್ ಆಗಿದ್ದರೆ ಕ್ಯಾಮೆರಾ ಆ ಮುಖವನ್ನು ಮೂರು ಕಡೆಯಿಂದ ತೋರಿಸಿ ಅಲ್ಲಿಗೆ ಮುಗಿಸುತ್ತಿತ್ತು. ನಮ್ಮದು ರೈಲಿನಲ್ಲಿ ಕಲಬುರಗಿ ತನಕ ಮುಂದುವರಿಯಿತು. ಮಹಾಸಂಚಿಕೆ.

ಸಂಬಂಧ ಹೇಗೋ ಕುದುರಿತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ನಿಶ್ಚಯದ ದಿನ ಊಟ ಆದ ಮೇಲೆ ಹುಡುಗಿಯ ತಂದೆ ನನ್ನ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದುಕೊಂಡು ಹೋದರು.

"ಅವತ್ತು ನೀವು ಕಪ್ಪು ಬದ್ಲಿ ಮಾಡಿದ್ದು ನಾ ಶೋಕೇಸಿನ ಗಾಜಿನಾಗ ನೋಡಿದ್ದೆ, ಬೀಗರೇ."

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಒಂದು ಗುಟುಕು ಕುಡಿದೆ. ರುಚಿ ಬ್ಯಾರೇನೇ ಇತ್ತು. ಇವರು ಏನೋ ಹಾಕ್ಯಾರ ಅಂತ ತಿಳಕೊಂಡು ರಾತ್ರಿಯಿಡೀ ಎದೆ ಮುಟ್ಟಿ ನೋಡ್ಕೋತ ಕುಂತಿದ್ದೆ."

"ಛೇ ಛೇ, ಹಂಗ್ಯಾಕ ತಿಳಕೊಂಡ್ರಿ?"

ಅವರು ಸುತ್ತ ನೋಡಿದರು. ಹತ್ತಿರ ಯಾರೂ ಇರಲಿಲ್ಲ. ದನಿ ಇಳಿಸಿದರು. "ಅದೇ ವಾರ ಆ ಹಾಲಿನ ಗ್ಲಾಸಿಂದು ಆಗಿತ್ತಲ್ರೀ..."

ಯಾವ ಗ್ಲಾಸು ಅಂತ ನಾನು ಕೇಳಲಿಲ್ಲ. ಬೇರೆ ಒಂದು ಕೇಳಬೇಕಿತ್ತು.

"ಬೀಗರೇ, ನಿಮ್ಮನಿಗಿ ಪೇಪರ್ ಯಾವ್ದು ಬರ್ತದ?"

"ಎರಡು ತರಸ್ತೀನ್ರಿ," ಅಂದರು. "ಒಂದು ಓದಾಕ."