ಇಕೋ ಮೋಡ್ ಹಾಕಿದರೂ ಮೈಲೇಜ್ ಏಕೆ ಬರುತ್ತಿಲ್ಲ?

ಕಾರಿನ ಇಕೋ ಮೋಡ್ ಬಗ್ಗೆ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತವೆ. ಒಂದು, "ಅದನ್ನು ಹಾಕಿದರೆ ಗಾಡಿಗೆ ಜೀವವೇ ಇರುವುದಿಲ್ಲ, ಪಿಕ್‌ಅಪ್ ಸತ್ತುಹೋಗುತ್ತದೆ." ಇನ್ನೊಂದು, "ತಿಂಗಳುಗಟ್ಟಲೆ ಅದರಲ್ಲೇ ಓಡಿಸಿದೆ, ಮೈಲೇಜ್ ಇದ್ದಲ್ಲೇ ಇದೆ." ಈ ಎರಡು ದೂರುಗಳ ಬೇರು ಒಂದೇ. ಗಾಡಿ ಮಂಕಾಯಿತು ಎಂದು ಅನಿಸಿದವರು ಪೆಡಲನ್ನು ಇನ್ನಷ್ಟು ಒತ್ತುತ್ತಾರೆ. ಇನ್ನಷ್ಟು ಒತ್ತಿದ ಮೇಲೆ ಉಳಿತಾಯ ಎಲ್ಲಿಂದ ಬರಬೇಕು?

ನಾನು ಇಕೋ ಮೋಡ್‌ನ ಪರ. ಕಾರು ಚಾಲೂ ಮಾಡಿದ ಕೂಡಲೇ ಅದನ್ನು ಹಾಕಿಕೊಳ್ಳಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಆದರೆ ಆ ಗುಂಡಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕಾರಿನ ಕೀಲಿ ಕೈಗೆ ಕೊಡುವಾಗ "ಇದು ಇಕೋ, ಇದು ಸ್ಪೋರ್ಟ್" ಎಂದು ಬೆರಳು ತೋರಿಸಿ ಮುಗಿಸುತ್ತಾರೆ. ಜೊತೆಗೆ ಬರುವ ಕೈಪಿಡಿಯಲ್ಲೂ ಬಹಳವೆಂದರೆ ಒಂದೆರಡು ಸಾಲು. ಇಂಧನ ಉಳಿಸುವ ಸೌಲಭ್ಯ ಕೊಟ್ಟು, ಅದನ್ನು ಬಳಸುವ ಬಗೆಯನ್ನು ಹೇಳದೇ ಬಿಡುವುದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ.

ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ಕಾಲು ಒತ್ತಿದಷ್ಟು ಕೇಬಲ್ ಎಳೆಯುತ್ತಿತ್ತು, ಎಳೆದಷ್ಟು ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ತೆರೆದುಕೊಳ್ಳುತ್ತಿತ್ತು. ಈಗಿನ ಕಾರುಗಳಲ್ಲಿ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇರುತ್ತದೆ. ಪೆಡಲ್ ಎಷ್ಟು ಕೆಳಗೆ ಹೋಗಿದೆ ಎಂಬುದನ್ನು ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಎಂಜಿನ್ನಿಂದ ಎಷ್ಟು ಶಕ್ತಿ ಬೇಕು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಇಕೋ ಮೋಡ್ ಮುಖ್ಯವಾಗಿ ಬದಲಿಸುವುದು ಈ ನಿರ್ಧಾರವನ್ನೇ. ಸಾಮಾನ್ಯ ಮೋಡ್‌ನಲ್ಲಿ ಪೆಡಲ್ ಅರ್ಧ ಒತ್ತಿದಾಗ ಸಿಗುವ ಎಳೆತ ಇಕೋದಲ್ಲಿ ಸಿಗಬೇಕಾದರೆ ಮುಕ್ಕಾಲು ಒತ್ತಬೇಕಾಗಬಹುದು. ಎಂಜಿನ್ ಬದಲಾಗಲಿಲ್ಲ, ಪೆಟ್ರೋಲಿನ ಗುಣವೂ ಬದಲಾಗಲಿಲ್ಲ. ನಿಮ್ಮ ಕಾಲಿನ ಅವಸರಕ್ಕೂ ಎಂಜಿನ್ನಿಗೂ ನಡುವೆ ಒಂದಿಷ್ಟು ಅಂತರ ಬಂದಿತು, ಅಷ್ಟೇ. ಆ ಅಂತರವನ್ನು ಹಾಗೇ ಉಳಿಸಿಕೊಂಡವರಿಗೆ ಇಂಧನ ಉಳಿಯುತ್ತದೆ, ಜೋರಾಗಿ ಒತ್ತಿ ಅದನ್ನು ಮುಚ್ಚಿದವರಿಗೆ ಏನೂ ಉಳಿಯುವುದಿಲ್ಲ.

ಉಳಿದ ಕೆಲಸಗಳೂ ಇವೆ. ಆಟೊಮ್ಯಾಟಿಕ್ ಗೇರ್ ಇರುವ ಕಾರುಗಳಲ್ಲಿ ಮೇಲಿನ ಗೇರ್ ಬೇಗ ಬೀಳುತ್ತದೆ, ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಕಡಿಮೆ ಸುತ್ತುಗಳಲ್ಲಿ, ತಿರುಗುತ್ತದೆ. ಅನೇಕ ಕಾರುಗಳಲ್ಲಿ ಎಸಿ ಕಂಪ್ರೆಸರ್‌ನ ಕೆಲಸ ಸ್ವಲ್ಪ ಇಳಿಯುತ್ತದೆ. ಒಳಗೆ ಸೆಕೆ ಎನಿಸಿ ನೀವು ಎಸಿಯನ್ನು ಇನ್ನೂ ತಣ್ಣಗೆ ಮಾಡಿಕೊಂಡರೆ ಅಲ್ಲಿ ಉಳಿದದ್ದು ಅಲ್ಲಿಯೇ ಹೋಯಿತು. ಬಿಸಿಲಲ್ಲಿ ನಿಂತಿದ್ದ ಕಾರನ್ನು ಹತ್ತಿದಾಗ ಮೊದಲು ಕಿಟಕಿ ಇಳಿಸಿ, ಬಿಸಿಗಾಳಿ ಹೊರಹೋದ ಮೇಲೆ ಎಸಿ ಹಾಕಿದರೆ ಕಂಪ್ರೆಸರ್ ಅಷ್ಟೊಂದು ದುಡಿಯಬೇಕಾಗುವುದಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಇಂಧನ ಪೋಲಾಗುವ ಜಾಗ ಆಕ್ಸಿಲರೇಟರ್ ಎಂದು ಎಲ್ಲರೂ ನಂಬಿದ್ದಾರೆ. ನನ್ನ ಪ್ರಕಾರ ಅದು ಬ್ರೇಕ್. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡೋಣ. 1200 ಕೆಜಿ ತೂಕದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಅದರಲ್ಲಿ ಚಲನೆಯ ರೂಪದಲ್ಲಿ 240 ಕಿಲೋಜೂಲ್ ಶಕ್ತಿ ಇರುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿದಿರಿ ಎಂದರೆ ಅದಷ್ಟೂ ಬ್ರೇಕ್ ಡಿಸ್ಕುಗಳಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ಮತ್ತೆ ಅದೇ ವೇಗಕ್ಕೆ ಬರಲು ಅಷ್ಟು ಶಕ್ತಿಯನ್ನು ಹೊಸದಾಗಿ ಪೆಟ್ರೋಲಿನಿಂದ ಪಡೆಯಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇದೆ. ದಿನನಿತ್ಯದ ಓಡಾಟದಲ್ಲಿ ಅದರ ಕಾಲುಭಾಗ ಚಕ್ರಗಳಿಗೆ ತಲುಪುತ್ತದೆ ಎಂದಿಟ್ಟುಕೊಂಡರೆ ಒಂದು ಸಲ ನಿಂತು ಹೊರಟಿದ್ದಕ್ಕೆ 30 ಮಿಲಿಲೀಟರ್ ಪೆಟ್ರೋಲ್ ಖರ್ಚು. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಅಷ್ಟು ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರ ಹೋಗಬಹುದಿತ್ತು. ಒಂದೇ ಒಂದು ನಿಲುಗಡೆಗೆ!

ಅದೇ ಕಾರು 36 ಕಿ.ಮೀ. ವೇಗದಿಂದ ನಿಂತರೆ ನಷ್ಟ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ, ಸುಮಾರು ಏಳೂವರೆ ಮಿಲಿಲೀಟರ್. ಏಕೆಂದರೆ ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎದುರಿಗೆ ಕೆಂಪು ದೀಪ ಕಾಣಿಸುತ್ತಿದ್ದರೂ ಕೊನೆಯವರೆಗೆ ವೇಗ ಬಿಡದೆ ಹೋಗಿ ಗಕ್ಕನೆ ಬ್ರೇಕ್ ಹಾಕುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅವರ ಡ್ಯಾಶ್‌ಬೋರ್ಡಿನಲ್ಲಿ ಇಕೋ ದೀಪ ಹಸಿರಾಗಿ ಉರಿಯುತ್ತಿದ್ದರೂ ಪ್ರಯೋಜನವಿಲ್ಲ.

ದೂರದಿಂದಲೇ ದೀಪ ಕೆಂಪಾದದ್ದು ಕಂಡಿತೇ? ಕಾಲು ತೆಗೆಯಿರಿ. ಗೇರ್‌ನಲ್ಲೇ ಇರಲಿ. ಈಗಿನ ಎಂಜಿನ್ನುಗಳಲ್ಲಿ ಗಾಡಿ ಗೇರ್‌ನಲ್ಲಿದ್ದು, ಪೆಡಲಿನಿಂದ ಕಾಲು ತೆಗೆದಿದ್ದು, ಆರ್‌ಪಿಎಂ ಸಾಕಷ್ಟಿದ್ದರೆ ಇಂಜೆಕ್ಟರುಗಳು ಇಂಧನ ಚಿಮ್ಮಿಸುವುದನ್ನು ಪೂರ್ತಿ ನಿಲ್ಲಿಸಿಬಿಡುತ್ತವೆ. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು. ಆ ಹೊತ್ತಿನಲ್ಲಿ ತತ್‌ಕ್ಷಣದ ಮೈಲೇಜ್ ತೋರಿಸುವ ಪರದೆಯನ್ನು ಒಮ್ಮೆ ಗಮನಿಸಿ: ಪಟ್ಟಿ ಸರ್ರನೆ ತುದಿಗೆ ಏರಿ ನಿಲ್ಲುತ್ತದೆ, ಅಥವಾ 99.9 ಎಂಬಂಥ ಸಂಖ್ಯೆ ಕಾಣಿಸುತ್ತದೆ. ವೇಗ ಇಳಿಯುತ್ತಾ ಬಂದು ಆರ್‌ಪಿಎಂ ಐಡ್ಲಿಂಗ್ (ಗಾಡಿ ನಿಂತಿರುವಾಗ ಎಂಜಿನ್ ಸುಮ್ಮನೆ ತಿರುಗುವ) ಮಟ್ಟದ ಹತ್ತಿರಕ್ಕೆ ಬಂದಾಗ ಇಂಧನ ಮತ್ತೆ ಹರಿಯತೊಡಗುತ್ತದೆ, ಪಟ್ಟಿ ಕೆಳಗಿಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದವರಿಗೆ ಬೇರೆ ಪಾಠ ಬೇಕಿಲ್ಲ ಎಂದೇ ನನ್ನ ಅನಿಸಿಕೆ. ಅಷ್ಟರಲ್ಲಿ ದೀಪ ಹಸಿರಾಯಿತೆನ್ನಿ, ನಿಲ್ಲುವ ಪ್ರಮೇಯವೇ ಬರುವುದಿಲ್ಲ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಓಡಿಸುವ ಹಳೆಯ ಚಾಳಿಯನ್ನು ದಯವಿಟ್ಟು ಬಿಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕು, ಅದಕ್ಕೆ ಇಂಧನ ಬೇಕು. ಜೊತೆಗೆ ಎಂಜಿನ್ನಿನ ಹಿಡಿತ ಕೈಬಿಟ್ಟು ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ದೊಡ್ಡ ಇಳಿಜಾರಿನಲ್ಲಿ ಬ್ರೇಕ್ ಕಾದರೆ ಪ್ರಾಣಕ್ಕೇ ಅಪಾಯ. ಕೆಲವು ಆಟೊಮ್ಯಾಟಿಕ್ ಕಾರುಗಳು ಇಕೋ ಮೋಡ್‌ನಲ್ಲಿ ಸಮತಟ್ಟಾದ ರಸ್ತೆ ಬಂದಾಗ ತಾವೇ ಎಂಜಿನ್ನನ್ನು ಚಕ್ರಗಳಿಂದ ಬಿಡಿಸಿ ತೇಲಿಕೊಂಡು ಹೋಗುತ್ತವೆ. ಅದು ಬೇರೆ. ಬ್ರೇಕ್ ಮುಟ್ಟಿದ ಕೂಡಲೇ ಕಂಪ್ಯೂಟರ್ ಮತ್ತೆ ಗೇರಿಗೆ ಜೋಡಿಸುತ್ತದೆ. ಆ ಕೆಲಸವನ್ನು ಅದಕ್ಕೇ ಬಿಡಿ.

ಮೈಲೇಜ್ ಹುಚ್ಚು ಹಿಡಿದವರಲ್ಲಿ ಇನ್ನೊಂದು ಅತಿರೇಕವಿದೆ: ಸಿಗ್ನಲ್‌ನಿಂದ ಹೊರಡುವಾಗ ಆಮೆಯಂತೆ ತೆವಳುವುದು. ಹಿಂದಿನವರಿಗೂ ತೊಂದರೆ, ಎಂಜಿನ್ನಿಗೂ ಒಳಿತಲ್ಲ. ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಕೊಂಡೇ ಇದ್ದಾಗ, ಆ ಸಣ್ಣ ಸಂದಿನಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಪಿಸ್ಟನ್‌ಗಳು ಶ್ರಮಪಡುತ್ತವೆ. ಆ ಶ್ರಮಕ್ಕೂ ಪೆಟ್ರೋಲ್ ಉರಿಯಬೇಕು. ಹಿತಮಿತವಾಗಿ ಒತ್ತಿ, ಆರ್‌ಪಿಎಂ ಕೆಳಗಿರುವಾಗಲೇ ಗೇರ್ ಏರಿಸಿ, ಬೇಕಾದ ವೇಗ ಬಂದ ಮೇಲೆ ಕಾಲನ್ನು ಸಡಿಲಿಸುವುದು ಸರಿಯಾದ ಕ್ರಮ. ಮ್ಯಾನುಯಲ್ ಗೇರ್ ಇರುವವರಿಗೆ ಡ್ಯಾಶ್‌ಬೋರ್ಡಿನಲ್ಲಿ ಗೇರ್ ಏರಿಸಿ ಎಂದು ಸೂಚಿಸುವ ಪುಟ್ಟ ಬಾಣ ಇರುತ್ತದಲ್ಲ, ಅದನ್ನು ನಂಬಬಹುದು. ಹಾಗೆಂದು ಎಂಜಿನ್ ನಡುಗುವಷ್ಟು, ಎಳೆಯಲಾರದೆ ಒದ್ದಾಡುವಷ್ಟು ಮೇಲಿನ ಗೇರ್ ಬೇಡ.

ಪರದೆಗಳ ಮಾತು ಬಂದದ್ದರಿಂದ ಒಂದು ವಿಷಯ. 2009ರಲ್ಲಿ ಬಂದ ಎರಡನೇ ತಲೆಮಾರಿನ ಹೋಂಡಾ ಇನ್‌ಸೈಟ್ ಕಾರಿನಲ್ಲಿ ಸ್ಪೀಡೋಮೀಟರಿನ ಹಿನ್ನೆಲೆಯ ಬೆಳಕೇ ಬಣ್ಣ ಬದಲಿಸುತ್ತಿತ್ತು. ಹಗುರವಾಗಿ ಓಡಿಸಿದರೆ ಹಸಿರು, ಒರಟಾಗಿ ಓಡಿಸಿದರೆ ನೀಲಿ. ರಸ್ತೆಯಿಂದ ಕಣ್ಣು ತೆಗೆಯದೆ, ಓರೆಗಣ್ಣಿಗೇ ತಿಳಿಯುವಂತೆ. ಚಾಲಕರಿಗೆ ಕಲಿಸುವ ಈ ಬಗೆ ನನಗೆ ತುಂಬಾ ಮೆಚ್ಚುಗೆಯಾದದ್ದು. ಕಾರು ಕಂಪನಿಗಳು ಪರದೆಯ ಅಳತೆ ಹಿಗ್ಗಿಸುವುದಕ್ಕೆ ತೋರುವ ಉತ್ಸಾಹದ ಒಂದು ಪಾಲನ್ನು ಇಂಥದ್ದಕ್ಕೂ ತೋರಬೇಕು.

ಕಾಲಿನ ಮಹಿಮೆ ಎಷ್ಟು ಎನ್ನುವುದಕ್ಕೆ ಅಮೆರಿಕದ ಇಂಧನ ಇಲಾಖೆ ಕೊಡುವ ಅಂದಾಜನ್ನು ನೋಡಿ. ಹಠಾತ್ತನೆ ವೇಗ ಹೆಚ್ಚಿಸುವುದು, ಹಠಾತ್ತನೆ ಬ್ರೇಕ್ ಹಾಕುವುದು, ಅತಿವೇಗ, ಇವುಗಳಿಂದ ಹೆದ್ದಾರಿಯಲ್ಲಿ ಮೈಲೇಜ್ 15ರಿಂದ 30 ಶೇಕಡಾ ಕುಸಿಯಬಹುದು. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ 10ರಿಂದ 40 ಶೇಕಡಾ. ಯಾವ ಇಕೋ ಗುಂಡಿಯೂ ಒಬ್ಬಂಟಿಯಾಗಿ ಅಷ್ಟನ್ನು ತುಂಬಿಕೊಡಲಾರದು.

ಹೆದ್ದಾರಿಯಲ್ಲಂತೂ ಗಾಳಿಯದೇ ರಾಜ್ಯಭಾರ. ಗಾಳಿಯ ತಡೆ ಕೂಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುವಾಗ ಇರುವ ತಡೆ 100ಕ್ಕೆ ಏರಿದಾಗ ಒಂದೂವರೆ ಪಟ್ಟಿಗೂ ಹೆಚ್ಚು, 120ಕ್ಕೆ ಏರಿದಾಗ ಎರಡೂಕಾಲು ಪಟ್ಟು. ಅಲ್ಲಿ ಇಕೋ ಮೋಡ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಸ್ಥಿರವಾಗಿ 120ರಲ್ಲಿ ಹೋಗಲು ಬೇಕಾದ ಶಕ್ತಿ ಬೇಕೇ ಬೇಕು. ವೇಗವನ್ನು ಇಳಿಸುವುದೊಂದೇ ದಾರಿ. ಹಾಗೆಯೇ, ಬಳಸದೇ ಇರುವ ಛಾವಣಿಯ ಕ್ಯಾರಿಯರ್ ಕಳಚಿಡಿ, ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿಸಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಇರಲಿ, ಮೈಲೇಜಿನ ಆಸೆಗೆ ಹೆಚ್ಚು ತುಂಬಿಸಬೇಡಿ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳವರು "ನಮಗೆ ಬ್ರೇಕ್ ಹಾಕಿದರೂ ಶಕ್ತಿ ಬ್ಯಾಟರಿಗೆ ವಾಪಸು ಬರುತ್ತದೆ" ಎನ್ನುತ್ತಾರೆ. ನಿಜ, ಆದರೆ ಪೂರ್ತಿ ಬರುವುದಿಲ್ಲ. ಗಕ್ಕನೆ ಒತ್ತಿದರೆ ಮೋಟಾರು ಹಿಡಿದುಕೊಳ್ಳಲಾಗದ ಪಾಲು ಮಾಮೂಲಿ ಬ್ರೇಕಿಗೇ ಹೋಗುತ್ತದೆ. ಮೆಲ್ಲಗೆ, ದೂರದಿಂದ ಬ್ರೇಕ್ ಮಾಡುವುದು ಅವರಿಗೂ ಲಾಭ.

ಇಕೋ ಮೋಡ್ ತೆಗೆಯಬೇಕಾದ ಸಂದರ್ಭಗಳೂ ಇವೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎರಡು ಬದಿಯ ವಾಹನಗಳು ಓಡಾಡುವ ಕಿರಿದಾದ ರಸ್ತೆಯಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡುವ ಮುನ್ನ ಸಾಮಾನ್ಯ ಮೋಡ್‌ಗೆ ಬನ್ನಿ. ಬಹುಪಾಲು ಕಾರುಗಳಲ್ಲಿ ಪೆಡಲನ್ನು ಪೂರ್ತಿ ತುಳಿದರೆ ಇಕೋದಲ್ಲೂ ಪೂರ್ಣ ಶಕ್ತಿ ಸಿಗುತ್ತದೆ, ಆದರೆ ಗೇರ್ ಇಳಿಯಲು ತಗಲುವ ಆ ಒಂದು ಕ್ಷಣದ ತಡ ಎದುರಿನಿಂದ ವಾಹನ ಬರುತ್ತಿರುವಾಗ ಬಹಳ ದೊಡ್ಡದು. ಕಡಿದಾದ ಏರಿನಲ್ಲಿ, ಕಾರಿನ ತುಂಬ ಜನರಿದ್ದಾಗ, ಹೆದ್ದಾರಿಗೆ ಸೇರಿಕೊಳ್ಳುವಾಗಲೂ ಹೀಗೆಯೇ. ಕೆಲವು ಹನಿ ಪೆಟ್ರೋಲಿಗಾಗಿ ಜೀವ ಪಣಕ್ಕಿಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಅಳತೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನೇ ನೆಚ್ಚಬೇಡಿ, ಅದು ಅನೇಕ ಕಾರುಗಳಲ್ಲಿ ಸ್ವಲ್ಪ ಉದಾರವಾಗಿಯೇ ಇರುತ್ತದೆ. ಪಂಪು ತಾನಾಗಿಯೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರುಗಳನ್ನು ಎರಡನೇ ಸಲ ಹಿಡಿದ ಲೀಟರುಗಳಿಂದ ಭಾಗಿಸಿ. ಒಂದು ಟ್ಯಾಂಕ್ ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ಟ್ಯಾಂಕುಗಳ ಸರಾಸರಿ ನೋಡಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುವ ಲೆಕ್ಕ ನಮ್ಮ ಕಣ್ಣನ್ನು ಸ್ವಲ್ಪ ಮೋಸಗೊಳಿಸುತ್ತದೆ ಎಂಬುದೂ ನೆನಪಿರಲಿ. 20 ಕೊಡುತ್ತಿದ್ದ ಕಾರು 22 ಕೊಡತೊಡಗಿದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು ನಾಲ್ಕೂವರೆ ಲೀಟರ್. 10 ಕೊಡುತ್ತಿದ್ದ ಭಾರಿ ಗಾಡಿ 12ಕ್ಕೆ ಏರಿದರೆ ಅಷ್ಟೇ ದೂರಕ್ಕೆ ಹದಿನಾರೂವರೆ ಲೀಟರಿಗೂ ಹೆಚ್ಚು ಉಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದನ್ನೂ ಇದರೊಂದಿಗೆ ಇಟ್ಟು ನೋಡಿ. "ದೊಡ್ಡ ಗಾಡಿ ಇಟ್ಟುಕೊಂಡ ಮೇಲೆ ಮೈಲೇಜ್ ಕೇಳಬಾರದು" ಎಂದು ಕೈಚೆಲ್ಲಿ ಕುಳಿತಿರುವವರಿಗೇ ನಾನು ಇಷ್ಟೂ ಬರೆದದ್ದು. ಸಣ್ಣ ಕಾರಿನವರಿಗಿಂತ ಮೊದಲು ಇಕೋ ಮೋಡ್ ಹಾಕಿ, ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯಬೇಕಾದವರು ನೀವು.